ಉದ್ಯೋಗ ಅರಸುವವನ ಸಾರಥಿ

ಐವತ್ತರ ಗಡಿಯನ್ನು ದಾಟಿದ ಮನುಷ್ಯನೊಬ್ಬನು ತಾನು ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ಹುದ್ದೆಯನ್ನು ಒಂದು ದಿನ ಬೆಳಗಾಗುವದರೊಳಗೆ ಕಳೆದುಕೊಂಡರೆ ಅವನಿಗಾಗಿ ಮರುಗುವವರು ಲೋಕದಲ್ಲಿ ಕಡಿಮೆ. ಕೂಲಿಕಾರನ ಕೆಲಸ ಹೋದರೆ ಅವನ ಸಂಘದವರು ಬಾವುಟ ಹಿಡಿದು ಬರುತ್ತಾರೆ. ಪತ್ರಿಕೆಯವರಾದ ನಾವೂ ಎರಡು ಕಾಲಮು ಬರೆಯುತ್ತೇವೆ. ಕಾರಖಾನೆಯ ಮುಖ್ಯಾಧಿಕಾರಿಯ ಕೆಲಸ ಹೋದರೆ ‘ಅವನಿಗೇನು ಕಡಿಮೆ, ಬೇಕಾದಷ್ಟು ಗಳಿಸಿಟ್ಟಿರಬೇಕು’ ಎಂದು ಹೇಳಿ ನೆರೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಕಾಯಿದೆಯೂ ಹೆಚ್ಚು ಕಡಿಮೆ ಇದೇ ಮಾತನ್ನು ಹೇಳುತ್ತದೆ. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ೧೯೫೩ರಲ್ಲಿ ಸೇರಿಸಿದ ಕಲಮುಗಳು, ಹೆಚ್ಚಾದನೆಂದು ತೆಗೆದುಹಾಕಿದ ಕಾರ್ಮಿಕನಿಗೆ ಸೇವೆಯ ವರ್ಷವೊಂದಕ್ಕೆ ಹದಿನೈದು ದಿನಗಳ ವೇತನದಂತೆ ಪರಿಹಾರವನ್ನು ಕೊಡಿಸಿದವು. ಆದರೆ ಆಡಳಿತದ ಅಧಿಕಾರವುಳ್ಳವನನ್ನು ಆ ಕಾಯಿದೆಯು ‘ಕಾರ್ಮಿಕ’ನೆಂಬ ಶಬ್ದದಿಂದಲೇ ಹೊರಗಿಟ್ಟಿತು. ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಆ ಗೆರೆಯನ್ನು ಅಳಿಸಲಿಲ್ಲ. ಅಧಿಕಾರಿಯ ಕೈಯಲ್ಲಿರುವದು ನೇಮಕದ ಕಾಗದವೊಂದೇ. ಅದರಲ್ಲಿ ಅವನಿಗೆ ಆಧಾರವಾಗಿರುವದು ಬಹುಮಟ್ಟಿಗೆ ಮೂರು ತಿಂಗಳ ನೋಟೀಸು.

ಈ ವಿಷಯವನ್ನು ನಾವು ಇಂದು ಎತ್ತಿಕೊಂಡುದಕ್ಕೆ ಕಾರಣವುಂಟು. ಧಾರವಾಡದ ಕಡೆಯ ಗೃಹಸ್ಥರೊಬ್ಬರು, ನಮ್ಮ ಪತ್ರಿಕೆಯ ಹಳೆಯ ಚಂದಾದಾರರು, ಕಳೆದ ತಿಂಗಳು ನಮ್ಮ ಕಾರ್ಯಾಲಯಕ್ಕೆ ಬಂದು ಎರಡು ತಾಸು ಕುಳಿತು ಮಾತಾಡಿದರು. ಪುಣೆಯಲ್ಲಿ ಮೋಟಾರು ವಾಹನಗಳ ಬಿಡಿಭಾಗಗಳನ್ನು ತಯಾರಿಸುವ ಕಾರಖಾನೆಯೊಂದರಲ್ಲಿ ೨೪ ವರ್ಷ ಕೆಲಸ ಮಾಡಿ ಜನರಲ್ ಮ್ಯಾನೇಜರ ಪದವಿಯವರೆಗೆ ಏರಿದವರು ಅವರು. ಕಾರಖಾನೆ ಮಾರಾಟವಾಯಿತು, ಕೊಂಡವರು ತಮ್ಮ ಮನುಷ್ಯನನ್ನು ತಂದು ಕೂರಿಸಿದರು, ಇವರಿಗೆ ಒಂದು ಹಾರವನ್ನೂ ಮೂರು ತಿಂಗಳ ಸಂಬಳವನ್ನೂ ಕೊಟ್ಟು ಕಳಿಸಿದರು. ಆಗ ಅವರಿಗೆ ೫೧ ವರ್ಷ. ಮಗಳು ವೈದ್ಯಕೀಯದ ಎರಡನೆಯ ವರ್ಷದಲ್ಲಿ. ಮನೆಯ ಸಾಲ ತೀರುವದಕ್ಕೆ ಇನ್ನೂ ಆರು ವರ್ಷ. ಹನ್ನೊಂದು ತಿಂಗಳ ನಂತರ ಅವರಿಗೆ ಮತ್ತೆ ಹುದ್ದೆ ದೊರೆಯಿತು. ಆ ಹನ್ನೊಂದರಲ್ಲಿ ಕೊನೆಯ ಐದು ತಿಂಗಳು ಅವರು ‘ಕೆರಿಯರ್ ಕೋಚ್’ ಎಂದು ಕರೆಯಲ್ಪಡುವ ಒಬ್ಬ ಮಹಿಳೆಯ ಸಹಾಯವನ್ನು ಹಣ ಕೊಟ್ಟು ಪಡೆದಿದ್ದರು. ಹೆಸರು ಬೇಡವೆಂಬ ಷರತ್ತಿನ ಮೇಲೆ ಅವರು ಇದನ್ನು ಬರೆಯುವದಕ್ಕೆ ನಮಗೆ ಅನುಮತಿಯಿತ್ತಿದ್ದಾರೆ. ನಮ್ಮ ವಾಚಕರಲ್ಲಿ ಅಧಿಕಾರಸ್ಥಾನದಲ್ಲಿರುವವರು ಅನೇಕರಿರುವದರಿಂದ ಈ ಹೊಸ ವೃತ್ತಿಯ ಗುಣದೋಷಗಳನ್ನು ವಿಚಾರಿಸುವದು ಅನುಚಿತವಾಗಲಾರದು.

ಕೆಲಸ ಹುಡುಕುವದನ್ನು ಕಲಿಸುವದಕ್ಕೂ ಒಬ್ಬ ಮಾಸ್ತರರು ಬೇಕೇ ಎಂದು ನಾವು ಮೊದಲು ನಕ್ಕೆವೆಂಬದನ್ನು ಮುಚ್ಚಿಡುವದಿಲ್ಲ. ಆ ಗೃಹಸ್ಥರು ಮಾತ್ರ ನಗಲಿಲ್ಲ. ‘ಕೋಚ್’ ಎಂಬ ಶಬ್ದದ ಚರಿತ್ರೆಯನ್ನು ಆ ಮೇಲೆ ನೋಡಿದೆವು. ಹಂಗೇರಿ ದೇಶದಲ್ಲಿ ಕೋಚ್ ಎಂಬ ಒಂದು ಹಳ್ಳಿ. ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗೆ ಊರ ಹೆಸರೇ ಅಂಟಿಕೊಂಡಿತು. ೧೮೩೦ರ ಸುಮಾರಿಗೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆಯೆಂಬ ಹೊಳೆಯಿಂದ ದಾಟಿಸುವ ಖಾಸಗಿ ಶಿಕ್ಷಕನನ್ನು ವಿನೋದಕ್ಕೆ ಹಾಗೆ ಕರೆದರು. ಅಲ್ಲಿಂದ ಆ ಹೆಸರು ಆಟದ ಬಯಲಿಗೆ ಹೋಯಿತು. ಅಲ್ಲಿಂದ ಕಚೇರಿಯನ್ನು ಹೊಕ್ಕಿತು. ಪಾಠಶಾಲೆಯಲ್ಲಿ ಅಕ್ಷರ ಕಲಿತ ನಮಗೆ ಗಾಡಿಯೆಂದೊಡನೆ ಸಾರಥಿಯ ನೆನಪಾಗುವದು ಸಹಜವೇ. ಸಾರಥಿಯು ಆಯುಧ ಹಿಡಿಯುವದಿಲ್ಲ. ಬಾಣ ಬಿಡುವವನು ರಥಿಕನೇ. ಆದರೆ ರಥವು ಎಲ್ಲಿ ನಿಲ್ಲಬೇಕು, ಯಾವಾಗ ಹಿಂದೆಗೆಯಬೇಕು, ಕೈ ಸೋತವನಿಗೆ ಏನು ಹೇಳಬೇಕು ಎಂಬದು ಸಾರಥಿಯ ಕೆಲಸ. ಅರ್ಜುನನಿಗೆ ಅಂತಹನೊಬ್ಬನು ದೊರೆತನು. ಕರ್ಣನಿಗೂ ಸಾರಥಿಯಿದ್ದನು, ಕುದುರೆಗಳನ್ನು ನಡೆಯಿಸುವದರಲ್ಲಿ ಶಲ್ಯನು ಕೃಷ್ಣನಿಗೆ ಕಡಿಮೆಯಾದವನಲ್ಲ. ಆದರೆ ಅವನು ಯುಧಿಷ್ಠಿರನಿಗೆ ಮೊದಲೇ ಮಾತು ಕೊಟ್ಟು ಬಂದವನು. ಕರ್ಣನ ರಥದಲ್ಲಿ ಕುಳಿತು ಕರ್ಣನ ತೇಜಸ್ಸನ್ನೇ ಕುಗ್ಗಿಸಿದನು. ಆದುದರಿಂದ ಸಾರಥಿಯು ಜಾಣನೋ ಎಂದು ಕೇಳುವದಕ್ಕೆ ಮೊದಲು, ಅವನು ಯಾರಿಗೆ ಮಾತು ಕೊಟ್ಟಿದ್ದಾನೆಂದು ಕೇಳತಕ್ಕದ್ದು.

ಹುದ್ದೆಯನ್ನು ಅರಸುವ ಅಧಿಕಾರಿಯ ಸುತ್ತ ಇಂದು ಮೂರು ಬಗೆಯ ಜನರು ಸುಳಿದಾಡುತ್ತಾರೆ. ಮೂವರೂ ಹಿತವಚನವನ್ನೇ ಆಡುವರು. ಮೂವರ ಅನ್ನದಾತರು ಬೇರೆ ಬೇರೆ. ಮೊದಲನೆಯವರು, ದೊಡ್ಡ ಹುದ್ದೆಗಳಿಗೆ ತಕ್ಕ ಜನರನ್ನು ಹುಡುಕಿಕೊಡುವ ಸಂಸ್ಥೆಗಳವರು. ಇವರಿಗೆ ‘ಹೆಡ್ ಹಂಟರ್’, ಎಂದರೆ ತಲೆಬೇಟೆಯವರು, ಎಂದು ಹೆಸರು. ಇವರಿಗೆ ಹಣ ಕೊಡುವದು ಹುದ್ದೆಯನ್ನು ತುಂಬಬೇಕಾದ ಕಂಪನಿ; ಆಯ್ಕೆಯಾದವನ ಮೊದಲ ವರ್ಷದ ಸಂಬಳದ ಮೂರರಲ್ಲೊಂದು ಪಾಲು ಎಂಬದು ಈ ಧಂದೆಯ ಬಹುಕಾಲದ ವಾಡಿಕೆ. ಇದರಲ್ಲಿ ಮೋಸವೇನೂ ಇಲ್ಲ. ಅವರು ಹುದ್ದೆಗೆ ಮನುಷ್ಯನನ್ನು ಹುಡುಕುವವರೇ ಹೊರತು ಮನುಷ್ಯನಿಗೆ ಹುದ್ದೆಯನ್ನು ಹುಡುಕುವವರಲ್ಲ. ನಮ್ಮ ಗೃಹಸ್ಥರು ಇದನ್ನರಿಯದೆ ಇಂತಹ ಒಬ್ಬನನ್ನು ತಮ್ಮ ಹಿತೈಷಿಯೆಂದು ಬಗೆದು ನಾಲ್ಕು ತಿಂಗಳು ಮನೆಯ ಕಷ್ಟವನ್ನೆಲ್ಲ ಹೇಳಿಕೊಂಡರು. ಆ ಹುದ್ದೆಯು ಬೇರೊಬ್ಬನಿಂದ ತುಂಬಿದ ದಿನದಿಂದ ಆತನು ಇವರ ಫೋನನ್ನು ಎತ್ತಲಿಲ್ಲ. ಅವನನ್ನು ಬೈಯುವದರಲ್ಲಿ ಅರ್ಥವಿಲ್ಲ. ಅವನು ತನ್ನ ಅನ್ನದಾತನ ಕೆಲಸವನ್ನು ಮುಗಿಸಿದ್ದನು.

ಎರಡನೆಯವರು, ಕೆಲಸದಿಂದ ಬಿಡಿಸಿದ ಕಂಪನಿಯೇ ಗೊತ್ತುಮಾಡಿಕೊಡುವ ಸಲಹೆಗಾರರು. ಇದಕ್ಕೆ ‘ಔಟ್‌ಪ್ಲೇಸ್‌ಮೆಂಟ್’ ಎಂದು ಹೆಸರು. ಅಮೇರಿಕೆಯಲ್ಲಿ ೧೯೬೦ರ ದಶಕದಲ್ಲಿ ಹುಟ್ಟಿದ ಏರ್ಪಾಡು ಇದು. ದೊರೆತರೆ ಬಿಡತಕ್ಕದ್ದಲ್ಲ, ಆದರೆ ಅದು ಹಲವು ವೇಳೆ ‘ಕಂಪನಿಯ ಮೇಲೆ ಯಾವ ತಕರಾರೂ ಇಲ್ಲ’ ಎಂಬ ಕಾಗದದ ಸಹಿಯೊಡನೆ ಬರುವದರಿಂದ, ಸಹಿಗೆ ಮೊದಲು ಕಾಗದವನ್ನು ವಕೀಲರಿಗೆ ತೋರಿಸುವದು ಲೇಸು. ಮೂರನೆಯವರು ಮಾತ್ರ ಅರಸುವವನ ಸ್ವಂತ ಹಣದಿಂದ ನಡೆಯುವವರು. ಕೆರಿಯರ್ ಕೋಚ್ ಎಂದರೆ ಇವರೇ.

ಸ್ವಂತ ಹಣವೆಂದಮಾತ್ರಕ್ಕೆ ಶಲ್ಯರ ಕಾಟ ತಪ್ಪಿತೆಂದಲ್ಲ. ನಮ್ಮ ಗೃಹಸ್ಥರು ಐದನೆಯ ತಿಂಗಳಲ್ಲಿ, ಧೈರ್ಯವೆಲ್ಲ ಸೋರಿಹೋದ ಸಮಯದಲ್ಲಿ, ಒಂದು ಸಂಸ್ಥೆಗೆ ಒಂದೂವರೆ ಲಕ್ಷ ರೂಪಾಯಿಗಳನ್ನು ಮುಂಗಡವಾಗಿ ತೆತ್ತರು. ‘ಪತ್ರಿಕೆಗಳಲ್ಲಿ ಎಂದೂ ಪ್ರಕಟವಾಗದ ಹುದ್ದೆಗಳು ನಮ್ಮಲ್ಲಿವೆ, ತೊಂಬತ್ತು ದಿನಗಳಲ್ಲಿ ಖಾತ್ರಿ’ ಎಂಬದು ಅವರ ಮಾತು. ತೊಂಬತ್ತು ದಿನಗಳಲ್ಲಿ ಬಂದದ್ದು ಹೊಸ ಅಕ್ಷರಗಳಲ್ಲಿ ಅಚ್ಚಾದ ಬಯೋಡಾಟಾ ಒಂದು, ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದಾಗಿದ್ದ ಕಂಪನಿಗಳ ಪಟ್ಟಿ ಒಂದು. ಹಣವನ್ನು ಮರಳಿ ಕೇಳಿದಾಗ ಕರಾರಿನ ಹನ್ನೊಂದನೆಯ ಕಲಮನ್ನು ತೋರಿಸಿದರು. ಆ ಹಣವು ಮಗಳ ಆ ಅವಧಿಯ ಶುಲ್ಕಕ್ಕೆಂದು ಎತ್ತಿಟ್ಟದ್ದು. ಹೆಂಡತಿಯ ಬಳೆಗಳು ಬ್ಯಾಂಕಿಗೆ ಹೋದವು. ಈ ಭಾಗವನ್ನು ಹೇಳುವಾಗ ಅವರು ಕಿಟಕಿಯ ಕಡೆಗೆ ನೋಡುತ್ತಿದ್ದರು.

ಹುದ್ದೆಯನ್ನು ಖಾತ್ರಿಯಾಗಿ ಕೊಡಿಸುತ್ತೇನೆಂದು ಹೇಳಿ ಮುಂಗಡ ಕೇಳುವವನು ಕೋಚನಲ್ಲ ಎಂಬದೊಂದನ್ನು ವಾಚಕರು ನೆನಪಿಟ್ಟರೆ ಸಾಕು. ಈ ವೃತ್ತಿಗೆ ವಕೀಲರಿಗಿರುವಂತೆ, ವೈದ್ಯರಿಗಿರುವಂತೆ ಸನ್ನದು ಇಲ್ಲ. ಯಾರಾದರೂ ನಾಳೆ ಬೆಳಿಗ್ಗೆ ಹಲಗೆ ತೂಗುಹಾಕಬಹುದು. ಅಮೇರಿಕೆಯಲ್ಲಿ ೧೯೯೫ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟವು ತಾನೇ ಮೂರು ಮೆಟ್ಟಿಲುಗಳನ್ನು ಮಾಡಿ ಪ್ರಮಾಣಪತ್ರ ಕೊಡುತ್ತದೆ; ಮೊದಲನೆಯದಕ್ಕೆ ೧೦೦ ತಾಸು, ಎರಡನೆಯದಕ್ಕೆ ೫೦೦ ತಾಸು, ಮೂರನೆಯದಕ್ಕೆ ೨,೫೦೦ ತಾಸುಗಳ ಅನುಭವ ಬೇಕು. ಇದು ಸರಕಾರದ ಕಟ್ಟಳೆಯಲ್ಲ, ವೃತ್ತಿಯವರ ಸ್ವಂತ ಶಿಸ್ತು. ನೇಮಕ ಮಾಡುವ ಕುರ್ಚಿಯಲ್ಲಿ ತಾನು ಎಷ್ಟು ವರ್ಷ ಕುಳಿತಿದ್ದೆನೆಂಬದನ್ನು ಕೋಚರು ಹೇಳಬಲ್ಲರೇ ಎಂಬದು ನಮ್ಮ ದೃಷ್ಟಿಯಲ್ಲಿ ಪ್ರಮಾಣಪತ್ರಕ್ಕಿಂತ ಮೇಲಿನ ಪರೀಕ್ಷೆ.

ಈ ಕೆಲಸದ ಮೂಲವು ಇಷ್ಟು ವ್ಯಾಪಾರದ್ದಾಗಿರಲಿಲ್ಲ. ಅಮೇರಿಕೆಯ ಬೋಸ್ಟನ್ ನಗರದಲ್ಲಿ ಫ್ರ್ಯಾಂಕ್ ಪಾರ್ಸನ್ಸ್ ಎಂಬವರು ೧೯೦೮ರಲ್ಲಿ ಒಂದು ಉದ್ಯೋಗ ಮಾರ್ಗದರ್ಶನದ ಕಾರ್ಯಾಲಯವನ್ನು ತೆರೆದರು. ಅವರು ಎಂಜಿನಿಯರಿಂಗ್ ಓದಿ, ವಕೀಲಿಯನ್ನೂ ಅಧ್ಯಾಪನವನ್ನೂ ಮಾಡಿದವರು. ಹೊರದೇಶಗಳಿಂದ ಬಂದ ಬಡವರು ನೆಲೆಸಿದ ಕೇರಿಯಲ್ಲಿ, ಶ್ರೀಮಂತ ಮಹಿಳೆಯೊಬ್ಬರ ದಾನದಿಂದ ನಡೆಯುತ್ತಿದ್ದ ಸೇವಾಗೃಹದೊಳಗೆ ಆ ಕಾರ್ಯಾಲಯವಿತ್ತು. ಅದೇ ವರ್ಷದ ಸಪ್ಟಂಬರದಲ್ಲಿ ಪಾರ್ಸನ್ಸರು ತೀರಿಕೊಂಡರು. ಅವರ ಪುಸ್ತಕವು ೧೯೦೯ರಲ್ಲಿ ಹೊರಬಂತು. ಅವರು ಹೇಳಿದ್ದು ಮೂರೇ ಮಾತು: ನಿನ್ನನ್ನು ನೀನು ಅರಿ, ಕೆಲಸಗಳ ಸ್ವರೂಪವನ್ನು ಅರಿ, ಎರಡನ್ನೂ ಎದುರುಬದುರು ಇಟ್ಟು ಸತ್ಯವಾಗಿ ವಿಚಾರಮಾಡು. ಎರಡನೆಯ ಮಹಾಯುದ್ಧದ ತರುವಾಯ ಬರ್ನಾರ್ಡ್ ಹಾಲ್ಡೇನ್ ಎಂಬವರು ರಣರಂಗದಿಂದ ಮರಳಿದ ಸೈನಿಕರಿಗೆ, ನೀವು ಚೆನ್ನಾಗಿ ಮಾಡಿ ನಿಮಗೆ ಸಂತೋಷವನ್ನೂ ಕೊಟ್ಟ ಕೆಲಸಗಳನ್ನು ಬರೆಯಿರೆಂದು ಹೇಳಿ ಅದರಿಂದ ಅವರ ಸಾಮರ್ಥ್ಯವನ್ನು ಆರಿಸಿ ತೆಗೆದರು. ರಿಚರ್ಡ್ ಬೋಲ್ಸ್ ಎಂಬ ಪಾದ್ರಿಯು ೧೯೬೮ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಆಯವ್ಯಯದ ಕಡಿತಕ್ಕೆ ಸಿಕ್ಕು ತಾನೇ ಕೆಲಸ ಕಳೆದುಕೊಂಡನು. ತನ್ನಂತೆಯೇ ಕೆಲಸ ಹೋಗುತ್ತಿದ್ದ ಪಾದ್ರಿಗಳಿಗಾಗಿ ೧೯೭೦ರಲ್ಲಿ ಸ್ವಂತ ಖರ್ಚಿನಿಂದ ಒಂದು ಪುಸ್ತಕವನ್ನು ಅಚ್ಚುಹಾಕಿಸಿದನು. ಅದು ಮುಂದೆ ಕೋಟಿ ಪ್ರತಿಗಳ ಮೇಲೆ ಮಾರಾಟವಾಯಿತು. ಇಂದಿನ ಕೋಚರ ಚೀಲದಲ್ಲಿರುವ ಸರಕು ಬಹುಮಟ್ಟಿಗೆ ಈ ಮೂವರದು.

ನಮ್ಮ ಗೃಹಸ್ಥರಿಗೆ ದೊರೆತ ಮಹಿಳೆ ಬೆಂಗಳೂರಿನವರು. ಎರಡು ಕಂಪನಿಗಳ ನೇಮಕ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆರು ಭೇಟಿಗಳಿಗೆ ೪೮ ಸಾವಿರ ರೂಪಾಯಿ. ಭೇಟಿಯೆಲ್ಲ ಕಂಪ್ಯೂಟರಿನ ಪರದೆಯ ಮೇಲೆ. ಮೊದಲ ದಿನವೇ ಆಕೆ, ‘ಸರ್, ಕೆಲಸ ಕೊಡಿಸುವದು ನನ್ನಿಂದಾಗದು, ಎರಡು ಭೇಟಿ ಆದ ಮೇಲೆ ಪ್ರಯೋಜನವಿಲ್ಲವೆಂದು ತೋರಿದರೆ ಉಳಿದ ಹಣ ವಾಪಸು ತೆಗೆದುಕೊಳ್ಳಿ’ ಎಂದರಂತೆ. ಅನಂತರ ಬಯೋಡಾಟಾವನ್ನು ಕೇಳಿದರು. ಒಂಬತ್ತು ಪುಟ. ಯಾವ ವರ್ಷ ಯಾವ ಹುದ್ದೆ, ಕೈಕೆಳಗೆ ಎಷ್ಟು ಜನ, ಯಾವ ಯಾವ ತರಬೇತಿ ಎಲ್ಲವೂ ಇತ್ತು. ‘ಇದರಲ್ಲಿ ಕುರ್ಚಿಗಳ ಲೆಕ್ಕವಿದೆ, ಕುಳಿತವರು ಕಾಣುವದಿಲ್ಲ. ನೀವು ಅಲ್ಲಿ ಇದ್ದುದರಿಂದ ಏನಾಯಿತು? ನೀವಿಲ್ಲದಿದ್ದರೆ ಏನಾಗುತ್ತಿರಲಿಲ್ಲ?’ ಎಂದು ಕೇಳಿದರು. ಇವರಿಗೆ ಉತ್ತರ ಹೊಳೆಯಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕಾಗಿದೆ. ಉತ್ತರವಿಲ್ಲದ ಮನುಷ್ಯರಲ್ಲ ಅವರು. ಅವರ ಕಾರಖಾನೆಯಲ್ಲಿ ತಿರಸ್ಕೃತವಾಗುವ ಎರಕದ ಮಾಲು ನೂರಕ್ಕೆ ಏಳರಷ್ಟಿದ್ದುದು ಅವರ ಕಾಲದಲ್ಲಿ ಎರಡಕ್ಕೆ ಇಳಿಯಿತು. ೨೦೨೦ರ ಲಾಕ್‌ಡೌನ್ ಮುಗಿದಾಗ ಹೊರಪ್ರಾಂತಗಳ ಕೆಲಸಗಾರರೆಲ್ಲ ಊರಿಗೆ ಹೋಗಿದ್ದರೂ, ಇದ್ದ ಮೂರನೆಯ ಒಂದು ಪಾಲು ಜನರಿಂದ ಅವರು ಯಂತ್ರಗಳನ್ನು ಮತ್ತೆ ತಿರುಗಿಸಿದರು. ಒಬ್ಬನನ್ನೂ ಕೆಲಸದಿಂದ ತೆಗೆಯಲಿಲ್ಲ. ಇದಾವದೂ ಒಂಬತ್ತು ಪುಟಗಳಲ್ಲಿ ಇರಲಿಲ್ಲ. ಏಕೆಂದು ಕೇಳಿದರೆ, ‘ಅದನ್ನು ಎಲ್ಲರೂ ಕೂಡಿ ಮಾಡಿದ್ದು, ನಾನೇ ಮಾಡಿದೆ ಎಂದು ಹೇಗೆ ಹೇಳಲಿ?’ ಎಂಬ ಉತ್ತರ. ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಈ ಸಂಕೋಚವು ತಾಯಿಯ ಹಾಲಿನೊಡನೆ ಬಂದದ್ದು. ಕರ್ಣಪರ್ವದಲ್ಲಿ ಅರ್ಜುನನು ಅಣ್ಣನನ್ನು ನಿಂದಿಸಿದ ಪಾಪಕ್ಕಾಗಿ ಪ್ರಾಣಬಿಡಲು ಹೊರಟಾಗ ಕೃಷ್ಣನು, ನಿನ್ನನ್ನು ನೀನೇ ಹೊಗಳಿಕೋ, ಅದೂ ಆತ್ಮಹತ್ಯೆಗೆ ಸಮಾನವೇ ಎಂದು ಹೇಳಿ ಅವನನ್ನು ಉಳಿಸಿದನಲ್ಲವೇ? ಆತ್ಮಸ್ತುತಿಯನ್ನು ಸಾವೆಂದು ಎಣಿಸಿದ ಜನರಿಗೆ ಸಂದರ್ಶನದ ಕೋಣೆಯಲ್ಲಿ ನಾಲಿಗೆ ಹೊರಳುವದಿಲ್ಲ. ಆ ಮಹಿಳೆ ಇದಕ್ಕೆ ಹೇಳಿದ ಪರಿಹಾರವು ನಮಗೆ ಮೆಚ್ಚಿಕೆಯಾಯಿತು: ‘ಹೊಗಳಿಕೊಳ್ಳಬೇಡಿ, ಸರ್. ಕೋರ್ಟಿನಲ್ಲಿ ಸಾಕ್ಷಿ ಹೇಳುವಂತೆ ಹೇಳಿರಿ. ಏನಿತ್ತು, ನೀವು ಏನು ಮಾಡಿದಿರಿ, ಏನಾಯಿತು. ವಿಶೇಷಣವೊಂದೂ ಬೇಡ.’ ಒಂಬತ್ತು ಪುಟ ಎರಡಾಯಿತು. ಅಂಕಿಗಳು ಬಂದವು, ‘ದಕ್ಷ’, ‘ಪರಿಶ್ರಮಿ’ ಮುಂತಾದವು ಹೋದವು.

ನೇಮಕ ಮಾಡುವವರ ಕುರ್ಚಿಯಲ್ಲಿ ನಾವೂ ಕುಳಿತವರೇ. ಈಚೆಗೆ ನಮ್ಮ ಮುದ್ರಣಾಲಯಕ್ಕೆ ಒಬ್ಬ ವ್ಯವಸ್ಥಾಪಕರು ಬೇಕೆಂದು ಪ್ರಕಟಿಸಿದಾಗ ೬೩ ಅರ್ಜಿಗಳು ಬಂದವು. ನಾವು ಮೆಟ್ರಿಕ್ ಮುಗಿಸಿದ ಕಾಲಕ್ಕೆ ಅರ್ಜಿಯೆಂದರೆ, ತಮ್ಮ ಕೃಪಾಶ್ರಯದಲ್ಲಿ ಒಂದು ಸ್ಥಾನವು ತೆರವಾಗಿರುವದಾಗಿ ವಿಶ್ವಸನೀಯ ಮೂಲದಿಂದ ತಿಳಿದು, ಎಂದು ಮೊದಲಾಗುವ ಒಂದೇ ನಮೂನೆ. ಈಗಿನದು ಬೇರೆ ನಮೂನೆ. ಆದರೆ ಅದೂ ಒಂದೇ. ಅರವತ್ಮೂರರಲ್ಲಿ ಐವತ್ತಕ್ಕೂ ಹೆಚ್ಚು ಜನರು ಒಂದೇ ಯಂತ್ರದಿಂದ ಬರೆಯಿಸಿದಂತೆ ಒಂದೇ ಮಾತುಗಳಲ್ಲಿ ತಮ್ಮ ಉತ್ಸಾಹವನ್ನು ವರ್ಣಿಸಿದ್ದರು. ೫೪ ವರ್ಷದ ಒಬ್ಬರ ಅರ್ಜಿಯಲ್ಲಿ ಮಾತ್ರ ಉತ್ಸಾಹವಾಗಲಿ ಮತ್ತೊಂದಾಗಲಿ ಇರಲಿಲ್ಲ. ಮೂರು ಮುದ್ರಣಾಲಯಗಳ ಹೆಸರು, ಇಸವಿ, ಅಷ್ಟೇ. ಅದನ್ನು ನಾವು ಬದಿಗಿಟ್ಟೆವು. ವಯಸ್ಸನ್ನು ನೋಡಿ ಇಟ್ಟೆವೋ ಬರಹದ ಬಡತನವನ್ನು ನೋಡಿ ಇಟ್ಟೆವೋ ಎಂದು ಈಗ ಕೇಳಿಕೊಂಡರೆ ಉತ್ತರವು ನಮಗೆ ಹಿತವಾಗಿಲ್ಲ.

ಎರಡನೆಯ ಭೇಟಿಯಲ್ಲಿ ನಡೆದದ್ದು ಬಯೋಡಾಟಾದ ಮಾತಲ್ಲ. ‘ನೀವು ಈಗ ಎಲ್ಲಿ ಕುಳಿತು ಮಾತಾಡುತ್ತಿದ್ದೀರಿ?’ ಎಂದು ಆಕೆ ಕೇಳಿದರು. ಇವರು ಕುಳಿತಿದ್ದುದು ಮೋಟಾರಿನಲ್ಲಿ, ಒಂದು ತೋಟದ ಬದಿಗೆ. ಕೆಲಸ ಹೋದ ದಿನದಿಂದಲೂ ಇವರು ದಿನಾ ಬೆಳಿಗ್ಗೆ ಎಂಟಕ್ಕೆ ಇಸ್ತ್ರಿಯ ಅಂಗಿ ತೊಟ್ಟು, ಬುತ್ತಿ ಹಿಡಿದು ಮನೆಯಿಂದ ಹೊರಡುತ್ತಿದ್ದರು. ಹೆಂಡತಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು. ಓಣಿಯವರಿಗಾಗಿ ಈ ವೇಷ. ಧಾರವಾಡದಲ್ಲಿರುವ ತಂದೆಗಂತೂ, ನಿವೃತ್ತ ಶಾಲಾಮಾಸ್ತರರು ಅವರು, ಆರು ತಿಂಗಳಾದರೂ ಹೇಳಿರಲಿಲ್ಲ. ‘ಸರ್, ನಿಮ್ಮ ಅಪ್ಪನವರಿಗೆ ಹೇಳಲಾರದ ಮಾತನ್ನು ಪರಿಚಯವಿಲ್ಲದ ಡೈರೆಕ್ಟರರಿಗೆ ಹೇಗೆ ಹೇಳುತ್ತೀರಿ? ಮೂರನೆಯ ಭೇಟಿ ಅವರಿಗೆ ಹೇಳಿದ ಮೇಲೆ’ ಎಂದು ಆಕೆ ಪರದೆಯನ್ನು ಮುಚ್ಚಿದರು. ಹನ್ನೆರಡು ದಿನ ಕಳೆದು ಇವರು ರೈಲು ಹತ್ತಿದರು. ತಂದೆಯು ಎಲ್ಲವನ್ನೂ ಕೇಳಿ, ‘ಹಗಲೊತ್ತಿನ್ಯಾಗ ನಿನ್ನ ಫೋನು ಬರಾಕ ಹತ್ತಿದಾಗಽ ನನಗ ತಿಳದಿತ್ತು. ನೀನಽ ಹೇಳಲಿ ಅಂತ ಸುಮ್ಮನಿದ್ದೆ. ಮೊದಲು ಊಟಾ ಮಾಡು’ ಎಂದರಂತೆ. ಮರುದಿನದಿಂದ ಬುತ್ತಿಯ ವೇಷ ನಿಂತಿತು. ಇದಕ್ಕೆ ಕೋಚರು ಬೇಕಿತ್ತೇ, ಮನೆಯ ಹಿರಿಯರೊಬ್ಬರು ಹೇಳಬಾರದಿತ್ತೇ ಎಂದು ಕೆಲವರು ಕೇಳುವರು. ಹೇಳಬಹುದಿತ್ತು, ಆದರೆ ಹಿರಿಯರಿಂದಲೇ ಮುಚ್ಚಿಟ್ಟ ಮಾತನ್ನು ಹಿರಿಯರು ಹೇಗೆ ಬಿಡಿಸಿಯಾರು?

ಇನ್ನು ಪರಿಚಯಗಳ ವಿಷಯ. ಸಹಾಯ ಮಾಡಬಲ್ಲವರ ಹೆಸರುಗಳನ್ನು ಬರೆಯಿರೆಂದಾಗ ಇವರು ೧೪ ಹೆಸರು ಬರೆದರು. ಎಲ್ಲರೂ ಆಪ್ತರು, ಅದೇ ಕಾರಖಾನೆಯವರು, ಅವರಲ್ಲಿ ಐವರು ತಾವೇ ಕೆಲಸ ಹುಡುಕುತ್ತಿದ್ದರು. ಆಕೆ ಆ ಪಟ್ಟಿಯನ್ನು ಬದಿಗಿಡಿಸಿ, ಐದು ವರ್ಷಗಳಿಂದ ಮಾತಾಡಿಸದಿರುವವರ ಹೆಸರು ಬರೆಯಿರೆಂದರು. ಇದು ಆಕೆಯ ಸ್ವಂತ ಚಮತ್ಕಾರವಲ್ಲ. ಮಾರ್ಕ್ ಗ್ರ್ಯಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಬೋಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ ಅಧಿಕಾರಿಗಳು, ವೃತ್ತಿನಿರತರು, ತಾಂತ್ರಿಕ ಕೆಲಸದವರು ಹೀಗೆ ೨೮೨ ಜನರನ್ನು ವಿಚಾರಿಸಿ ೧೯೭೪ರಲ್ಲಿ ಪುಸ್ತಕ ಬರೆದರು. ಅರ್ಧಕ್ಕಿಂತ ಹೆಚ್ಚು ಜನರಿಗೆ, ನೂರಕ್ಕೆ ೫೬ರಷ್ಟು, ಕೆಲಸ ಸಿಕ್ಕಿದ್ದು ಪರಿಚಯಸ್ಥರಿಂದ. ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ಎಂತಹ ಪರಿಚಯಸ್ಥರು? ವಾರಕ್ಕೆರಡು ಸಲ ಭೇಟಿಯಾಗುವ ಆಪ್ತರಿಂದ ಕೆಲಸ ತಿಳಿದವರು ನೂರಕ್ಕೆ ೧೭ರಷ್ಟು. ಉಳಿದವರಿಗೆಲ್ಲ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಕಾಣುವವರಿಂದ, ಅಥವಾ ವರ್ಷಕ್ಕೊಮ್ಮೆಯೂ ಕಾಣದವರಿಂದ. ಕಾರಣ ಸರಳ: ಆಪ್ತನಿಗೆ ಗೊತ್ತಿರುವದು ನಿನಗೂ ಗೊತ್ತಿರುತ್ತದೆ, ದೂರದವನು ಬೇರೆ ಕೇರಿಯ ಸುದ್ದಿಯನ್ನು ತರುತ್ತಾನೆ. ಲಿಂಕ್ಡ್‌ಇನ್ ಎಂಬ ಜಾಲದ ಎರಡು ಕೋಟಿ ಜನರ ಮೇಲೆ ಐದು ವರ್ಷ ನಡೆಯಿಸಿದ ಪ್ರಯೋಗಗಳ ಫಲವು ೨೦೨೨ರಲ್ಲಿ ಪ್ರಕಟವಾಯಿತು; ಅದೂ ಬಹುಮಟ್ಟಿಗೆ ಇದನ್ನೇ ಹೇಳಿತು. ತೀರ ಹತ್ತಿರದವರೂ ಅಲ್ಲ, ತೀರ ಅಪರಿಚಿತರೂ ಅಲ್ಲ, ನಡುವಿನ ಸಡಿಲು ಪರಿಚಯವೇ ಹೆಚ್ಚು ಫಲಕಾರಿ.

ಹಾಗಾದರೆ ಇದು ವಶೀಲಿಯೇ ಅಲ್ಲವೇ ಎಂದು ನಮ್ಮ ವಾಚಕರು ಹುಬ್ಬೇರಿಸಬಹುದು; ನಾವೂ ಏರಿಸಿದೆವು. ವಶೀಲಿಯ ವಿರುದ್ಧ ಈ ಪುಟದಲ್ಲಿ ಎಷ್ಟು ಮಸಿ ಖರ್ಚಾಗಿದೆಯೆಂಬದನ್ನು ಅವರು ಬಲ್ಲರು. ವಿಚಾರಿಸಿ ನೋಡಿದರೆ ಎರಡೂ ಒಂದಲ್ಲ. ವಶೀಲಿಯು ಅರ್ಹನನ್ನು ದಾಟಿ ಹೋಗುವ ಹಿಂಬಾಗಿಲು. ಸುದ್ದಿಯು ಅರ್ಹನನ್ನು ಮುಂಬಾಗಿಲಿನವರೆಗೆ ಕರೆತರುವ ದಾರಿ. ‘ನನಗೊಂದು ಕೆಲಸ ಕೊಡಿಸು’ ಎಂದು ಕೇಳಬಾರದೆಂದೇ ಆ ಮಹಿಳೆ ಇವರಿಗೆ ಕಟ್ಟುನಿಟ್ಟಾಗಿ ಹೇಳಿದ್ದರು. ಇಪ್ಪತ್ತು ನಿಮಿಷ ಬೇಡಿರಿ. ಅವರ ಉದ್ಯಮದಲ್ಲಿ ಏನು ನಡೆದಿದೆಯೆಂದು ಕೇಳಿರಿ. ಎದ್ದು ಬರುವಾಗ, ಇನ್ನಾರನ್ನು ಕಾಣಲಿ ಎಂದು ಒಂದು ಹೆಸರು ಕೇಳಿರಿ. ಇಷ್ಟೇ. ಆದರೂ ಈ ಎರಡು ದಾರಿಗಳ ನಡುವಣ ಬೇಲಿಯು ತೆಳ್ಳಗಿದೆಯೆಂಬದನ್ನು ನಾವು ಅಲ್ಲಗಳೆಯುವದಿಲ್ಲ. ಇಂತಹ ಪರಿಚಯಗಳೇ ಇಲ್ಲದ ಮೊದಲ ತಲೆಮಾರಿನ ವಿದ್ಯಾವಂತನಿಗೆ ಈ ಉಪದೇಶದಿಂದ ಎಷ್ಟು ಪ್ರಯೋಜನವಾದೀತು ಎಂಬ ಪ್ರಶ್ನೆಗೆ ಕೋಚರಲ್ಲಿ ಉತ್ತರವಿಲ್ಲ. ಖಾಸಗಿ ಕಂಪನಿಗಳು ತಮ್ಮ ಹಿರಿಯ ಹುದ್ದೆಗಳನ್ನು ಬಹಿರಂಗವಾಗಿ ಪ್ರಕಟಿಸತೊಡಗಿದರೆ ಮಾತ್ರ ಉತ್ತರ ದೊರೆತೀತು.

ನಮ್ಮ ಗೃಹಸ್ಥರ ಎರಡನೆಯ ಪಟ್ಟಿಯಲ್ಲಿ ೧೨೦ ಹೆಸರಾದವು. ಹತ್ತು ವರ್ಷ ಮಾತಾಡಿಸದವನಿಗೆ ಯಾವ ಮುಖದಿಂದ ಫೋನು ಮಾಡಲಿ ಎಂದು ಮೊದಲ ವಾರವೆಲ್ಲ ಒದ್ದಾಡಿದರು. ಕೆಲವರು ಉತ್ತರಿಸಲಿಲ್ಲ, ಒಬ್ಬನು ಮುಖ ಮುರಿದಂತೆ ಮಾತಾಡಿದನು, ಹೆಚ್ಚಿನವರು ಇವರು ನೆನೆದುದಕ್ಕೆ ಸಂತೋಷಪಟ್ಟರು. ಹಿಂದೆ ಇವರ ಕಾರಖಾನೆಗೆ ಅಚ್ಚುಗಳನ್ನು ಪೂರೈಸುತ್ತಿದ್ದ ಬೆಳಗಾವಿಯ ಒಬ್ಬ ವ್ಯಾಪಾರಿ, ಬಾಕಿ ಹಣವನ್ನು ಇವರು ತಡಮಾಡದೆ ಕೊಡಿಸಿದುದನ್ನು ನೆನಪಿಟ್ಟಿದ್ದನು. ಬೆಳಗಾವಿಯು ಫೌಂಡ್ರಿಗಳ ಊರು. ಅಲ್ಲಿಯ ಒಂದು ಫೌಂಡ್ರಿಯ ಮಾಲಕರಿಗೆ ತಿರಸ್ಕೃತ ಮಾಲಿನದೇ ಚಿಂತೆಯೆಂಬ ಸುದ್ದಿಯನ್ನು ಆತನೇ ಹೇಳಿದನು. ಹುದ್ದೆಯಿದೆಯೆಂದು ಯಾರೂ ಪ್ರಕಟಿಸಿರಲಿಲ್ಲ, ಏಕೆಂದರೆ ಹುದ್ದೆಯೇ ಇರಲಿಲ್ಲ. ಏಳರಿಂದ ಎರಡಕ್ಕೆ ಇಳಿದ ಕಥೆಯನ್ನು ಮಾಲಕರು ಎರಡು ಸಲ ಹೇಳಿಸಿ ಕೇಳಿದರಂತೆ.

ಸಂಬಳದ ಮಾತಿನಲ್ಲಿಯೂ ಕೋಚರು ಉಪಯೋಗಕ್ಕೆ ಬಂದರು. ಹಿಂದಿನ ಸಂಬಳವೆಷ್ಟೆಂದು ಅಭ್ಯರ್ಥಿಯನ್ನು ಕೇಳಕೂಡದೆಂದು ಅಮೇರಿಕೆಯ ಕ್ಯಾಲಿಫೋರ್ನಿಯಾ, ಮೆಸಾಚುಸೆಟ್ಸ್ ಮೊದಲಾದ ರಾಜ್ಯಗಳಲ್ಲಿ ೨೦೧೮ರಿಂದ ಕಾಯಿದೆಯುಂಟು. ನಮ್ಮಲ್ಲಿ ಮೂರು ತಿಂಗಳ ಸಂಬಳದ ಚೀಟಿಗಳನ್ನು ತಾ ಎನ್ನುವರು. ಆದುದರಿಂದ ಆಕೆ, ಮುಚ್ಚಿಡಬೇಡಿರಿ, ಆದರೆ ಹೋಗುವ ಮೊದಲು ಮನೆಯಲ್ಲಿ ಹೆಂಡತಿಯೊಡನೆ ಕುಳಿತು ಎರಡು ಅಂಕಿಗಳನ್ನು ಬರೆದುಕೊಳ್ಳಿರಿ ಎಂದರು. ಒಂದು, ಸಂಸಾರ ನಡೆಯುವದಕ್ಕೆ ಬೇಕಾದದ್ದು. ಇನ್ನೊಂದು, ಅಭಿಮಾನವು ಕೇಳುವದು. ಎರಡರ ಅಂತರವನ್ನು ನೋಡಿ ಇವರೇ ಬೆರಗಾದರು. ಹಿಂದಿನದಕ್ಕಿಂತ ನಾಲ್ಕನೆಯ ಒಂದು ಪಾಲು ಕಡಿಮೆಗೆ ಒಪ್ಪಿದರು. ಮಾಲು ಸುಧಾರಿಸಿದಂತೆ ಹೆಚ್ಚುವರಿ ಸಿಗಬೇಕೆಂದು ಕರಾರಿನಲ್ಲಿ ಬರೆಯಿಸಿಕೊಂಡರು.

ಅಮೇರಿಕೆಯಲ್ಲಿರುವ ನಮ್ಮ ಕನ್ನಡಿಗರಿಗೆ ಇಷ್ಟು ಸಾವಕಾಶವಿಲ್ಲ. ಎಚ್-೧ಬಿ ಪರವಾನಿಗೆಯ ಮೇಲೆ ದುಡಿಯುವವನ ಕೆಲಸ ಹೋದರೆ, ೨೦೧೭ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಅವನಿಗೆ ಸಿಗುವದು ಹೆಚ್ಚೆಂದರೆ ಅರವತ್ತು ದಿನಗಳು. ಅಷ್ಟರೊಳಗೆ ಹೊಸ ಧಣಿ ದೊರೆಯಬೇಕು, ಇಲ್ಲವೆ ಬೇರೆ ಪರವಾನಿಗೆಗೆ ಬದಲಿಸಿಕೊಳ್ಳಬೇಕು, ಇಲ್ಲವೆ ಗಂಟುಮೂಟೆ ಕಟ್ಟಬೇಕು. ೨೦೨೨-೨೩ರಲ್ಲಿ ದೊಡ್ಡ ದೊಡ್ಡ ಕಂಪನಿಗಳು ಸಾವಿರಗಟ್ಟಲೆ ಜನರನ್ನು ಬಿಡಿಸಿದಾಗ ನಮ್ಮ ಊರುಗಳ ಅನೇಕ ಮನೆಗಳಲ್ಲಿ ಈ ಅರವತ್ತನ್ನು ಎಣಿಸಿದ್ದುಂಟು. ಅಂತಹವನು ನೂರಿಪ್ಪತ್ತು ಹೆಸರಿನ ಪಟ್ಟಿಯನ್ನು ಕೆಲಸ ಹೋದ ಮೇಲೆ ಬರೆಯತೊಡಗಿದರೆ ಹೊತ್ತು ಮೀರಿರುತ್ತದೆ.

ಈ ವೃತ್ತಿಯಲ್ಲಿ ಹೊಟ್ಟೂ ಬೇಕಾದಷ್ಟಿದೆ. ‘ಪರ್ಸನಲ್ ಬ್ರ್ಯಾಂಡ್’ ಎಂಬ ಮಾತು ಕೋಚರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆಯಂತೆ. ಬ್ರ್ಯಾಂಡೆಂದರೆ ಮೂಲದಲ್ಲಿ ದನಗಳ ಮೈಮೇಲೆ ಕಾಸಿದ ಕಬ್ಬಿಣದಿಂದ ಎಳೆಯುವ ಬರೆ. ಮನುಷ್ಯನು ತಾನಾಗಿ ಬೆನ್ನೊಡ್ಡುವದಕ್ಕೆ ಇದು ತಕ್ಕ ಹೆಸರಲ್ಲ. ಆ ಮಹಿಳೆಯೂ ಇದರಿಂದ ಮುಕ್ತರಾಗಿರಲಿಲ್ಲ. ಜಾಲದ ಪುಟದಲ್ಲಿ ಇವರ ಹೆಸರಿನ ಕೆಳಗೆ ‘ಪರಿವರ್ತನೆಯ ನೇತಾರ’ ಎಂದು ಬರೆಯಿಸಿದರು. ಇವರು ನಾಲ್ಕು ದಿನ ನಾಚಿ, ಐದನೆಯ ದಿನ ಅಳಿಸಿ ‘ಫೌಂಡ್ರಿ ಕೆಲಸ, ೨೪ ವರ್ಷ’ ಎಂದು ತಾವೇ ಬರೆದರು. ನಿದ್ರೆಯಿಲ್ಲದೆ ರಾತ್ರಿಯೆಲ್ಲ ಕುಳಿತಿರುತ್ತಿದ್ದ ದಿನಗಳಲ್ಲಿ ಇವರಿಗೆ ಬೇಕಾಗಿದ್ದುದು ಕೋಚರಲ್ಲ, ವೈದ್ಯರು. ಅದನ್ನು ಆಕೆ ತಡವಾಗಿ ಹೇಳಿದರೆಂಬದು ನಮ್ಮ ಆಕ್ಷೇಪಣೆ. ಆ ಗೃಹಸ್ಥರು ಇದನ್ನು ಒಪ್ಪಲಿಲ್ಲ. ‘ಹೇಳಿದ್ದರು, ನಾನೇ ಹೋಗಲಿಲ್ಲ’ ಎಂದರು.

ಎದ್ದು ಹೊರಡುವಾಗ ಅವರು ಜೇಬಿನಿಂದ ಒಂದು ಸಣ್ಣ ಪುಸ್ತಕವನ್ನು ತೆಗೆದು ತೋರಿಸಿದರು. ನೂರಿಪ್ಪತ್ತು ಹೆಸರುಗಳು ಅದರಲ್ಲಿವೆ. ಈಗ ಕೆಲಸವಿದ್ದರೂ ಪ್ರತಿ ಶನಿವಾರ ಸಂಜೆ ಇಬ್ಬರಿಗೆ ಫೋನು ಮಾಡುತ್ತಾರೆ. ಏನೂ ಕೇಳುವದಿಲ್ಲ, ಕ್ಷೇಮಸಮಾಚಾರವಷ್ಟೆ. ಅವರಲ್ಲಿ ಮೂವರು ಈಗ ತಾವೇ ಕೆಲಸ ಕಳೆದುಕೊಂಡಿದ್ದಾರಂತೆ.

ಅವರು ಹೋದ ಮೇಲೆ ನಾವು ಗುಮಾಸ್ತರನ್ನು ಕರೆದು ಆ ಅರವತ್ಮೂರು ಅರ್ಜಿಗಳ ಕಟ್ಟನ್ನು ತರಿಸಿದೆವು. ಹುದ್ದೆ ಇನ್ನೂ ತುಂಬಿಲ್ಲ. ೫೪ ವರ್ಷದವರ ಕಾಗದವು ಅಡಿಯಲ್ಲಿತ್ತು. ‘ನೀವು ಇದ್ದುದರಿಂದ ಆ ಮೂರು ಮುದ್ರಣಾಲಯಗಳಲ್ಲಿ ಏನಾಯಿತು ಎಂಬದನ್ನು ಎದುರಿಗೆ ಕೇಳಬೇಕೆಂದಿದ್ದೇವೆ’ ಎಂದು ಅವರಿಗೆ ಒಂದು ಕಾರ್ಡು ಬರೆದೆವು. ಬರುವ ಸೋಮವಾರ ಹನ್ನೊಂದು ಗಂಟೆಗೆ ಬರುತ್ತಾರೆ.